ಹಡಗಿನ ತೇಗವೂ ಅದರ ಮೆರುಗೂ

ಗ್ರೀಕ್ ಪಂಡಿತನಾದ ಥಿಯೊಫ್ರಾಸ್ಟಸನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ರಚಿಸಿದ ಸಸ್ಯಶಾಸ್ತ್ರಗ್ರಂಥದಲ್ಲಿ ಟೈಲೋಸ್ ಎಂಬ ದ್ವೀಪದ ಹಡಗುಗಳನ್ನು ಕುರಿತು ಎರಡು ಮಾತುಗಳಿವೆ. ಟೈಲೋಸ್ ಎಂದರೆ ಈಗಿನ ಬಹರೈನ್. ಅಲ್ಲಿಯವರು ಒಂದು ಬಗೆಯ ಮರದಿಂದ ಹಡಗು ಕಟ್ಟುವರೆಂದೂ, ಆ ಮರವು ಸಮುದ್ರದ ನೀರಿನೊಳಗಿದ್ದರೆ 200 ವರ್ಷಗಳಿಗೂ ಹೆಚ್ಚುಕಾಲ ಕೆಡದೆ ನಿಲ್ಲುವುದೆಂದೂ ಮೊದಲನೆಯ ಮಾತು. ನೀರಿನಿಂದ ಹೊರಗಿದ್ದರೆ ಅದಕ್ಕಿಂತ ಬೇಗನೆ ಕೆಡುವುದೆಂಬುದು ಎರಡನೆಯದು. ಆ ಮರವು ತೇಗವೇ ಆಗಿರಬೇಕೆಂದು ವಿದ್ವಾಂಸರನೇಕರು ಊಹಿಸಿರುವರು. ತೇಗವನ್ನು ಹೊಗಳಲು ಹೊರಟವರು ಮೊದಲನೆಯ ಮಾತನ್ನು ಎತ್ತಿಕೊಂಡು ಎರಡನೆಯದನ್ನು ಬಿಟ್ಟುಬಿಡುವುದು ವಾಡಿಕೆ. ನಾವು ಇಲ್ಲಿ ಎರಡನೆಯದನ್ನೇ ಹಿಡಿದು ಹೊರಡುವೆವು.

ನೀರಿನ ಕೆಳಗಿನ ಮರಕ್ಕೆ ಶತ್ರುವೆಂದರೆ ಕೊರೆಯುವ ಹುಳು. ನೀರಿನ ಮೇಲಿನ ಮರಕ್ಕೆ ಶತ್ರುಗಳು ಬಿಸಿಲು, ಮಳೆ, ಉಪ್ಪುಗಾಳಿ; ಇವುಗಳ ಜೊತೆಗೆ, ಅದನ್ನು ಚೊಕ್ಕಟವಾಗಿಡಬೇಕೆಂದು ಹೊರಟ ಮನುಷ್ಯನ ಕೈಯೂ ಒಂದು. ಹಡಗಿನ ಕಟಕಟೆ, ಅಂಚುಪಟ್ಟಿ, ಬಾಗಿಲ ಚೌಕಟ್ಟು, ಏಣಿಯ ಮೆಟ್ಟಿಲು, ಚುಕ್ಕಾಣಿಯ ಹಿಡಿ ಮೊದಲಾದ ತೇಗದ ಭಾಗಗಳು ಬಯಲಿನಲ್ಲಿ ಒಂದೆರಡು ವರ್ಷ ನಿಂತರೆ ಸಾಕು, ಹೊನ್ನಿನ ಬಣ್ಣವನ್ನು ಕಳೆದುಕೊಂಡು ಬೂದಿಯ ಬಣ್ಣಕ್ಕೆ ತಿರುಗುವುವು. ಅವುಗಳನ್ನು ಮತ್ತೆ ಮೊದಲಿನ ಬಣ್ಣಕ್ಕೆ ತಂದು ವಾರ್ನಿಷ್ ಹಚ್ಚುವ ಕೆಲಸವು ನೋಡಲು ಅಲ್ಪವಾದುದು. ಹಡಗಿನ ಆಯುಷ್ಯಕ್ಕೆ ಮಾತ್ರ ಅದು ಅಲ್ಪವಲ್ಲ. ಏಕೆಂದರೆ ಮರವನ್ನು ಹೊಸದಾಗಿಸುವ ಪ್ರತಿಯೊಂದು ಉಪಾಯವೂ ಮರವನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ಎಷ್ಟು ಕಡಿಮೆ ತೆಗೆದು ಕೆಲಸವನ್ನು ಮುಗಿಸಬಹುದೆಂಬುದನ್ನು ನಾವಿಕರೂ ಬಡಗಿಗಳೂ ಬಹುಕಾಲ ನಷ್ಟಪಟ್ಟು ಕಲಿತರು. ಆ ಕಲಿಕೆಯ ಚರಿತ್ರೆಯು ನಮ್ಮ ಕಾಡುಗಳ ಚರಿತ್ರೆಯೊಂದಿಗೆ ಹೆಣೆದುಕೊಂಡಿರುವುದರಿಂದ ಉತ್ತರ ಕನ್ನಡದ ವಾಚಕರಿಗೆ ಅದು ಹೊರಗಿನ ಸಂಗತಿಯಾಗಲಾರದು.

ಸಾಗುವಾನಿಯೆಂದೂ ತೇಗವೆಂದೂ ನಾವು ಕರೆಯುವ ಈ ಮರದ ಗುಣವೆಲ್ಲ ಅದರ ಚೇಗಿನಲ್ಲಿದೆ. ಚೇಗಿನೊಳಗೆ ಒಂದು ಬಗೆಯ ಎಣ್ಣೆಯೂ, ರಬ್ಬರಿನಂತಹ ಅಂಟೂ, ಗೆದ್ದಲನ್ನೂ ಬೂಷ್ಟನ್ನೂ ದೂರವಿಡುವ ಕೆಲವು ರಾಸಾಯನಿಕ ವಸ್ತುಗಳೂ, ಮರಳಿನ ಜಾತಿಗೆ ಸೇರಿದ ಸಿಲಿಕಾ ಎಂಬ ಖನಿಜವೂ ಇವೆ. ಎಣ್ಣೆಯಿಂದ ಅದು ನೀರನ್ನು ಬೇಗ ಕುಡಿಯುವುದಿಲ್ಲ. ಬಿಸಿಲಿಗೆ ಹೆಚ್ಚಾಗಿ ಸೆಟೆಯುವುದೂ ಇಲ್ಲ. ಒಳಗೆ ಹೊಡೆದ ಕಬ್ಬಿಣದ ಮೊಳೆಯನ್ನು ಓಕ್ ಮರದ ಹುಳಿಯು ತಿನ್ನುವಂತೆ ತಿನ್ನುವುದಿಲ್ಲ. ಸಿಲಿಕಾ ಇರುವುದರಿಂದ ಉಳಿ ಬಾಚಿಗಳ ಬಾಯಿ ಮೊಂಡಾಗುವುದು. ಈ ಕೊನೆಯ ದೋಷವನ್ನು ಬಡಗಿಗಳಲ್ಲದೆ ಬೇರೆ ಯಾರೂ ಎಣಿಸುವುದಿಲ್ಲ.

ಪಡುವಣ ಕರಾವಳಿಯಿಂದ ಈ ಮರವು ಹೊರದೇಶಗಳಿಗೆ ಹೋದುದು ಇಂದು ನಿನ್ನೆಯದಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥವು ಭರುಚದಿಂದ ಪಾರಸೀಕ ಕೊಲ್ಲಿಯ ಬಂದರಗಳಿಗೆ ಹೋಗುತ್ತಿದ್ದ ಸರಕುಗಳಲ್ಲಿ ಮರದ ತೊಲೆಗಳನ್ನೂ ಹೇಳಿದೆ. ಅಲ್ಲಿಯ ಒಂದು ಶಬ್ದವನ್ನು ಪಂಡಿತರು ತೇಗವೆಂದೇ ಓದುತ್ತಾರೆ. 1183ರಲ್ಲಿ ಮಕ್ಕಾಯಾತ್ರೆಗೆ ಹೊರಟ ಸ್ಪೇನ್ ದೇಶದ ಅರಬ್ಬ ಪ್ರವಾಸಿ ಇಬ್ನ್ ಜುಬೈರನು ಕೆಂಪು ಸಮುದ್ರದ ಐಧಾಬ್ ಬಂದರದಲ್ಲಿ ಕಂಡ ಹಡಗುಗಳನ್ನು ವರ್ಣಿಸಿದ್ದಾನೆ. ಅವುಗಳಿಗೆ ಮೊಳೆಯಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದರು, ಮರವೂ ನಾರೂ ಹಿಂದೂಸ್ಥಾನದಿಂದಲೂ ಯೆಮೆನ್ನಿನಿಂದಲೂ ಬರುತ್ತಿದ್ದುವು. ಕಟ್ಟಿ ಮುಗಿದ ಮೇಲೆ ಹಡಗಿಗೆ ತುಪ್ಪವನ್ನೋ ಹರಳೆಣ್ಣೆಯನ್ನೋ ಶಾರ್ಕ್ ಮೀನಿನ ಎಣ್ಣೆಯನ್ನೋ ಬಳಿಯುತ್ತಿದ್ದರೆಂದೂ, ಇವುಗಳಲ್ಲಿ ಮೀನೆಣ್ಣೆಯೇ ಉತ್ತಮವೆಂದೂ ಅವನು ಬರೆದಿದ್ದಾನೆ. ತುಪ್ಪ ಬಳಿದ ಹಡಗನ್ನು ನೆನೆದರೆ ನಮ್ಮ ಮನೆಗಳ ಹಿರಿಯರಿಗೆ ಹೊಟ್ಟೆಯುರಿಯಬಹುದು.

ನಮ್ಮ ಕರಾವಳಿಯ ದೋಣಿಗಳಿಗೂ ಮೀನೆಣ್ಣೆಯೇ ಬಹುಕಾಲದ ಮದ್ದು. ಬೂತಾಯಿ ಮೀನನ್ನು ಬೇಯಿಸಿ ಹಿಂಡಿ ತೆಗೆದ ಎಣ್ಣೆಯು ಗಾಳಿಗೆ ಒಡ್ಡಿದಾಗ ಅಗಸೆಯೆಣ್ಣೆಯಂತೆ ನಿಧಾನವಾಗಿ ಹೆಪ್ಪುಗಟ್ಟಿ ತೆಳುವಾದ ಪೊರೆಯಾಗುವುದು. ಅದರ ನಾತವನ್ನು ಸಹಿಸಿದವರಿಗೆ ಅದು ಒಳ್ಳೆಯ ರಕ್ಷಣೆ. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆ ಎಳೆದು, ತೆಂಗಿನ ಗರಿಯ ಮಾಡಿನ ಕೆಳಗಿಟ್ಟು, ಒಡಕು ನೋಡಿ, ಸಂದುಗಳಿಗೆ ನಾರು ತುರುಕಿ, ಎಣ್ಣೆ ಬಳಿದು, ನೂಲಹುಣ್ಣಿಮೆಯಂದು ಸಮುದ್ರರಾಜನಿಗೆ ತೆಂಗಿನಕಾಯಿಯನ್ನು ಅರ್ಪಿಸಿ ನೀರಿಗಿಳಿಸುವ ಪದ್ಧತಿಯಲ್ಲಿ ಒಂದು ವಿವೇಕವಿತ್ತು. ಬೂದುಬಣ್ಣವನ್ನು ಯಾರೂ ಕೆರೆದು ತೆಗೆಯುತ್ತಿರಲಿಲ್ಲ. ಇದ್ದುದರ ಮೇಲೆಯೇ ಎಣ್ಣೆ ಹಚ್ಚುತ್ತಿದ್ದರು. ದೋಣಿಯು ಕಪ್ಪಾಗುತ್ತಿತ್ತು; ಹಲಗೆಯು ತೆಳ್ಳಗಾಗುತ್ತಿರಲಿಲ್ಲ. ಬಣ್ಣವು ಹೊಳೆಯಬೇಕೆಂಬ ಆಸೆ ಮೊಗವೀರರ ದೋಣಿಗಳಿಂದ ಬಂದುದಲ್ಲ, ಯುದ್ಧನೌಕೆಗಳಿಂದಲೂ ಸಿರಿವಂತರ ವಿಹಾರನೌಕೆಗಳಿಂದಲೂ ಬಂದುದು. ಆದುದರಿಂದ ಕಥೆಯು ಈಗ ಮುಂಬಯಿಯ ಕಡೆಗೆ ತಿರುಗಬೇಕಾಗಿದೆ.

ಸೂರತದಲ್ಲಿ ಹಡಗು ಕಟ್ಟುತ್ತಿದ್ದ ಲವಜಿ ನಸರವಾನಜಿ ವಾಡಿಯಾ ಎಂಬ ಪಾರಸಿ ಶಿಲ್ಪಿಯು 1736ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರೆಯಂತೆ ಮುಂಬಯಿಗೆ ಬಂದನು. ಅವನ ವಂಶದವರು ಮುಂದೆ ಒಂದೂವರೆ ಶತಮಾನದ ಕಾಲ ಅಲ್ಲಿಯ ಹಡಗುಕಟ್ಟೆಯಲ್ಲಿ ಮುಖ್ಯ ಶಿಲ್ಪಿಗಳಾಗಿದ್ದರು. ನೆಪೋಲಿಯನ್ನನ ಯುದ್ಧಗಳಲ್ಲಿ ಇಂಗ್ಲೆಂಡಿನ ಓಕ್ ಮರಗಳು ವಿರಳವಾಗಲು ಬ್ರಿಟಿಷ್ ನೌಕಾಖಾತೆಯು ತನ್ನ ದೊಡ್ಡ ಹಡಗುಗಳನ್ನೂ ಮುಂಬಯಿಯಲ್ಲಿ ತೇಗದಿಂದ ಕಟ್ಟಿಸತೊಡಗಿತು. 1813ರಲ್ಲಿ ಅಲ್ಲಿ ನೀರಿಗಿಳಿದ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆಯೇ 1842ರ ಆಗಸ್ಟ್ 29ರಂದು ಚೀನದೊಡನೆ ನಾನ್‌ಕಿಂಗ್ ಒಪ್ಪಂದಕ್ಕೆ ರುಜು ಬಿದ್ದಿತು.

ಮರ ಎಲ್ಲಿಂದ ಬರುತ್ತಿತ್ತು? ಮಲಬಾರ ತೇಗವೆಂದು ಪೇಟೆಯಲ್ಲಿ ಹೆಸರಾದುದರಲ್ಲಿ ಸಹ್ಯಾದ್ರಿಯ ಇಳಿಜಾರಿನ ಮರವೆಲ್ಲವೂ ಸೇರುತ್ತಿತ್ತು. ಟಿಪ್ಪು ಸುಲ್ತಾನನು 1796ರ ಸುಮಾರಿಗೆ ತನ್ನದೇ ದೊಡ್ಡ ನೌಕಾಪಡೆಯನ್ನು ಕಟ್ಟಿಸಲು ಹುಕುಂ ಹೊರಡಿಸಿ, ಮಂಗಳೂರಿನಲ್ಲಿಯೂ ಮಿರ್ಜಾನದ ಹೊಳೆಯ ಬಳಿಯಲ್ಲಿಯೂ ಹಡಗುಕಟ್ಟೆಗಳನ್ನು ಗೊತ್ತುಮಾಡಿದ್ದುದು ಈ ಮರದ ಬಲದಿಂದಲೇ. 1799ರಲ್ಲಿ ಶ್ರೀರಂಗಪಟ್ಟಣವು ಬೀಳಲು ಆ ಹಡಗುಗಳು ಕಾಗದದಲ್ಲಿಯೇ ಉಳಿದುವು, ಕಾಡುಗಳು ಕಂಪನಿಯ ಕೈಸೇರಿದುವು. 1806ರಲ್ಲಿ ವಾಟ್ಸನ್ ಎಂಬ ಕ್ಯಾಪ್ಟನನನ್ನು ಮಲಬಾರಿನ ಕಾಡುಗಳಿಗೆ ರಕ್ಷಕನನ್ನಾಗಿ ನೇಮಿಸಿ ತೇಗದ ಏಕಸ್ವಾಮ್ಯವನ್ನು ಸ್ಥಾಪಿಸಿದರು. ಹೆಸರು ರಕ್ಷಕನೆಂದಿದ್ದರೂ ಕೆಲಸ ಮರವನ್ನು ಹಡಗುಕಟ್ಟೆಗೆ ಸಾಗಿಸುವುದೇ ಆಗಿತ್ತು. ಜಮೀನುದಾರರ ಮತ್ತು ವ್ಯಾಪಾರಿಗಳ ಅಸಮಾಧಾನವು ಬೆಳೆದು ಬರಲು, ಹಿಂದೆ ನಮ್ಮ ಕನ್ನಡ ಜಿಲ್ಲೆಯ ಮೊದಲನೆಯ ಕಲೆಕ್ಟರನಾಗಿದ್ದ ಥಾಮಸ್ ಮುನ್ರೋ ಮದರಾಸಿನ ಗವರ್ನರನಾದ ಮೇಲೆ ಆ ಏಕಸ್ವಾಮ್ಯವನ್ನು ರದ್ದುಪಡಿಸಿದನು. ಹಳಿಯಾಳ, ಸೂಪಾ ಕಡೆಯ ತೇಗದ ದಿಮ್ಮಿಗಳು ಕಾಳಿನದಿಯಲ್ಲಿ ತೇಲಿ ಸದಾಶಿವಗಡದ ಅಳಿವೆಗೆ ಬರುತ್ತಿದ್ದ ಕಾಲವೊಂದಿತ್ತು. ಅಣೆಕಟ್ಟುಗಳಿಂದ ಬಿಗಿದ ಕಾಳಿಯಲ್ಲಿ ಇಂದು ದಿಮ್ಮಿ ತೇಲುವುದಿಲ್ಲ.

ಮುಂಬಯಿಯ ಹಡಗುಗಳೊಳಗೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ‘ಟ್ರಿಂಕಾಮಲಿ’. ಇದನ್ನು ಕಟ್ಟಲು 1812ರಲ್ಲಿಯೇ ಅಪ್ಪಣೆಯಾಗಿದ್ದಿತು. ನಕಾಶೆಗಳನ್ನು ಹೊತ್ತು ಹೊರಟ ‘ಜಾವಾ’ ಎಂಬ ಹಡಗನ್ನು ಅಮೆರಿಕದವರ ‘ಕಾನ್‌ಸ್ಟಿಟ್ಯೂಶನ್’ ಹಡಗು ದಾರಿಯಲ್ಲಿ ಸೋಲಿಸಿ ಹಿಡಿದುದರಿಂದ ಮತ್ತೊಮ್ಮೆ ನಕಾಶೆ ಬರುವ ತನಕ ಕಾಯಬೇಕಾಯಿತು. ಜಮಶೇಟಜಿ ಬೊಮನಜಿ ವಾಡಿಯಾನ ಮೇಲ್ವಿಚಾರಣೆಯಲ್ಲಿ 1816ರಲ್ಲಿ ತಳಮರವನ್ನಿಟ್ಟು, 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದರು. 1819ರಲ್ಲಿ ಅದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರವನ್ನು ಸೇರಿತು. ಅಷ್ಟರಲ್ಲಿ ಯುದ್ಧ ಮುಗಿದಿತ್ತು. ಹೊಚ್ಚಹೊಸ ಹಡಗನ್ನು ಕಾಲು ಶತಮಾನದಷ್ಟು ಕಾಲ ಮಾಡು ಹೊದಿಸಿ ಸುಮ್ಮನೆ ನಿಲ್ಲಿಸಿದರು. ಆ ಮಾಡಿನ ಋಣವನ್ನು ಹಡಗು ಇಂದಿಗೂ ತೀರಿಸಿಲ್ಲವೆಂದು ನಮಗೆ ತೋರುತ್ತದೆ. ಬಿಸಿಲು ಮಳೆಗಳಿಂದ ತಪ್ಪಿಸಿಕೊಂಡ ಆ ವರ್ಷಗಳು ಅದರ ಆಯುಷ್ಯಕ್ಕೆ ಸೇರಿದುವು.

ಮಾಡಿಲ್ಲದ ಹಡಗುಗಳ ಗತಿ ಬೇರೆ. ಡೆಕ್ಕು ಎಂದು ನಾವು ಕರೆಯುವ ಮೇಲಟ್ಟವನ್ನು ಬೆಳ್ಳಗಿಡುವುದು ಯುದ್ಧನೌಕೆಯ ಶಿಸ್ತಿನ ಗುರುತಾಗಿತ್ತು. ದಿನ ಬೆಳಗಾದರೆ ಖಲಾಸಿಗಳು ಮೊಣಕಾಲೂರಿ, ಮರಳನ್ನೂ ನೀರನ್ನೂ ಚೆಲ್ಲಿ, ಮೆದುವಾದ ಮರಳುಗಲ್ಲಿನ ತುಂಡುಗಳಿಂದ ಹಲಗೆಗಳನ್ನು ಉಜ್ಜುವರು. ಆ ಕಲ್ಲಿಗೆ ಹೋಲಿಸ್ಟೋನ್, ಅಂದರೆ ಪವಿತ್ರಶಿಲೆ, ಎಂದು ನಾವಿಕರು ಹಾಸ್ಯದ ಹೆಸರನ್ನಿಟ್ಟಿದ್ದರು; ದೊಡ್ಡ ತುಂಡು ಬೈಬಲ್, ಮೂಲೆಗಳಿಗೆ ಬೇಕಾದ ಸಣ್ಣ ತುಂಡು ಪ್ರಾರ್ಥನಾಪುಸ್ತಕ. ಮೊಣಕಾಲೂರುವುದೇ ಪ್ರಾರ್ಥನೆಯಂತಿದ್ದುದರಿಂದ ಈ ಹೆಸರೆಂದು ಕೆಲವರು ಹೇಳುವರು. ಹೀಗೆ ಉಜ್ಜಿದ ಡೆಕ್ಕು ಶಂಖದಂತೆ ಬೆಳಗುತ್ತಿತ್ತು ನಿಜ. ಆದರೆ ಪ್ರತಿದಿನದ ಬೆಳಕಿಗೂ ಪ್ರತಿದಿನದ ಮರವೇ ಬೆಲೆ. ಹಲಗೆಗಳು ಸವೆದು ಬದಲಾಯಿಸುವ ವೆಚ್ಚವು ಅತಿಯಾಗಲು ಅಮೆರಿಕದ ನೌಕಾಪಡೆಯು 1931ರಲ್ಲಿ ಈ ಪದ್ಧತಿಗೆ ಕಡಿವಾಣ ಹಾಕಿತು. ಒಂದು ನೌಕಾಪಡೆಗೆ ಇದು ತಿಳಿಯಲು ಅಷ್ಟು ಕಾಲ ಹಿಡಿದುದು ಆಶ್ಚರ್ಯವೇ ಸರಿ.

ವಾರ್ನಿಷ್ ಬಂದ ದಾರಿ ಬೇರೆಯಾದುದು. ಹದಿನೆಂಟನೆಯ ಶತಮಾನದ ಹಡಗುಗಳ ಪಕ್ಕಗಳಿಗೆ ಪೈನ್ ಮರದ ರಾಳವನ್ನೂ ಎಣ್ಣೆಯನ್ನೂ ಕೂಡಿಸಿ ಬಳಿಯುತ್ತಿದ್ದರು. ಮರದ ಬಣ್ಣವು ಹಾಗೆಯೇ ಕಾಣುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಚಹಾ ಸಾಗಿಸುವ ವೇಗದ ಹಡಗುಗಳೂ ವಿಹಾರನೌಕೆಗಳೂ ಹೆಚ್ಚಲು ಡೆಕ್ಕಿನ ಮೇಲಿನ ಕೋಣೆ, ಕಟಕಟೆ, ಬಾಗಿಲುಗಳನ್ನು ತೇಗದಿಂದ ಮಾಡಿ ವಾರ್ನಿಷ್ ಹಚ್ಚಿ ಕನ್ನಡಿಯಂತೆ ಹೊಳೆಯಿಸುವುದು ಬೆಡಗಾಯಿತು. ಆ ಕಾಲದ ವಾರ್ನಿಷ್ ಎಂದರೆ ಮುಂಬಯಿ ಪೇಟೆಯಲ್ಲಿ ಚಂದ್ರಸವೆಂದು ಹೆಸರಾದ ಕೋಪಾಲ್ ರಾಳವನ್ನು ಅಗಸೆಯೆಣ್ಣೆಯಲ್ಲಿ ಕಾಯಿಸಿ ಕರಗಿಸಿ, ಟರ್ಪೆಂಟೈನಿನಿಂದ ತೆಳುಮಾಡಿದುದು. ಅದು ಹೊಳಪಿನಲ್ಲಿ ಕಡಿಮೆಯಿಲ್ಲ, ಬಿಸಿಲನ್ನು ತಡೆಯುವುದರಲ್ಲಿ ಬಲಹೀನ. ಇಪ್ಪತ್ತನೆಯ ಶತಮಾನದಲ್ಲಿ ಚೀನದ ಟಂಗ್ ಎಣ್ಣೆಯನ್ನೂ ಕೃತಕವಾದ ಫೀನಾಲ್ ರಾಳವನ್ನೂ ಕೂಡಿಸಿ ಮಾಡಿದ ವಾರ್ನಿಷ್ ಬಂದಿತು. ಮುಂದೆ ಸೂರ್ಯಕಿರಣವನ್ನು ಹೀರುವ ದ್ರವ್ಯಗಳನ್ನೂ ಅದರಲ್ಲಿ ಬೆರೆಸಿದರು. ಇಷ್ಟಾದರೂ ಬಯಲಿನ ಬಿಸಿಲಿನಲ್ಲಿ ಯಾವ ವಾರ್ನಿಷೂ ಆರೈಕೆಯಿಲ್ಲದೆ ಹೆಚ್ಚು ವರ್ಷ ಬಾಳುವುದಿಲ್ಲ.

ಇನ್ನು ಬೂದುಬಣ್ಣದ ವಿಚಾರ. ಮರವೆಂಬುದು ಸೂಕ್ಷ್ಮವಾದ ನಾರುಗಳ ಕಟ್ಟು. ನಾರಿನ ಮುಖ್ಯ ದ್ರವ್ಯ ಸೆಲ್ಯುಲೋಸು. ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ಗೋಡೆಗೆ ಕಲ್ಲು ಹೇಗೋ ಗಾರೆ ಹೇಗೋ ಹಾಗೆ ಇವೆರಡು. ಬಿಸಿಲಿನ ನೇರಳಾತೀತ ಕಿರಣಗಳು ಲಿಗ್ನಿನ್ನನ್ನು ಒಡೆಯುತ್ತವೆ, ಮಳೆಯು ಆ ಚೂರನ್ನು ತೊಳೆದೊಯ್ಯುತ್ತದೆ, ಬಣ್ಣ ಕೊಡುತ್ತಿದ್ದ ದ್ರವ್ಯಗಳೂ ಅದರೊಡನೆ ಹೋಗುತ್ತವೆ. ಉಳಿದ ಬಿಳಿಯ ನಾರಿನ ಮೇಲೆ ಧೂಳೂ ಬೂಷ್ಟೂ ಕುಳಿತು ಬೂದುಬಣ್ಣವಾಗುವುದು. ಈ ಸತ್ತ ಪದರವು ಒಂದು ಮಿಲಿಮೀಟರಿನ ಅತ್ಯಲ್ಪ ಭಾಗ. ಅದರ ಕೆಳಗೆ ಚೇಗು ಮೊದಲಿನಂತೆಯೇ ಇದೆ. ಇದನ್ನು ತಿಳಿಯದವರು ಬೂದುಬಣ್ಣವನ್ನು ಕೊಳೆತವೆಂದು ಭಾವಿಸಿ ಹತ್ತರಿ ಹಿಡಿದು ಮರವನ್ನೇ ಹೆರೆದುಬಿಡುವರು.

ಬಣ್ಣಕ್ಕಿಂತ ಹೆಚ್ಚು ಗಮನಿಸಬೇಕಾದುದು ಮೈ. ತೇಗದ ಒಂದೊಂದು ವರ್ಷದ ಉಂಗುರದಲ್ಲಿಯೂ ಮೆದುಭಾಗವೊಂದು, ಗಟ್ಟಿಭಾಗವೊಂದು ಇರುವುವು. ಮೆದುಭಾಗ ಬೇಗ ಸವೆದು ತಗ್ಗಾಗುವುದು, ಗಟ್ಟಿಭಾಗ ದಿಣ್ಣೆಯಾಗಿ ನಿಲ್ಲುವುದು. ಕೈಯಾಡಿಸಿದರೆ ಉತ್ತ ಗದ್ದೆಯ ಸಾಲುಗಳಂತೆ ತೋರುವುದು. ಒರಟು ಬ್ರಷ್ಷಿನಿಂದ ಮರದ ಎಳೆಯ ಉದ್ದಕ್ಕೆ ಬಲವಾಗಿ ಉಜ್ಜಿದರೆ ಅದರ ಕೂದಲು ತಗ್ಗಿನಲ್ಲಿಯೇ ಓಡಿ ಮೆದುಮರವನ್ನು ಇನ್ನಷ್ಟು ತೋಡುತ್ತದೆ. ಆಮೇಲೆ ಮೈಯನ್ನು ಸಮಮಾಡಬೇಕಾದರೆ ದಿಣ್ಣೆಯನ್ನು ತಗ್ಗಿನ ಮಟ್ಟಕ್ಕೆ ಇಳಿಸಲೇಬೇಕು. ಹೀಗೆ ಬ್ರಷ್ಷು ಮಾಡಿದ ನಷ್ಟವನ್ನು ಉಪ್ಪುಕಾಗದವು ಇಮ್ಮಡಿಸುವುದು. ಆದುದರಿಂದಲೇ ಬಲ್ಲವರು ಮೆದುವಾದ ಬ್ರಷ್ಷನ್ನು ಹಿಡಿದು ಎಳೆಗೆ ಅಡ್ಡಲಾಗಿ, ಹಗುರವಾಗಿ ಉಜ್ಜುವುದು. ಅಡುಗೆಮನೆಯ ಉಕ್ಕಿನ ನಾರನ್ನಂತೂ ದೋಣಿಯ ಹತ್ತಿರ ತರಬಾರದು. ಅದರ ಚೂರುಗಳು ಎಳೆಯಲ್ಲಿ ಸಿಕ್ಕಿ ತುಕ್ಕುಹಿಡಿದು ಕಪ್ಪು ಚುಕ್ಕೆಗಳಾಗುವುವು.

ಕೆಲಸದ ಕ್ರಮ ಹೀಗಿದೆ. ಹಳೆಯ ವಾರ್ನಿಷ್ ಅಲ್ಲಲ್ಲಿ ಉಳಿದಿದ್ದರೆ ಅದನ್ನು ಬಿಸಿಗಾಳಿಯಿಂದ ಮೆದುಮಾಡಿ ಹರಿತವಾದ ಕೆರೆಯುವ ಉಳಿಯಿಂದ ಎಳೆಯ ಉದ್ದಕ್ಕೆ ತೆಗೆಯಬೇಕು. ಮೊಂಡ ಉಳಿಯು ವಾರ್ನಿಷನ್ನು ಬಿಟ್ಟು ಮರವನ್ನು ಕಚ್ಚುವುದು. ಅನಂತರ ಸಿಹಿನೀರಿನಿಂದ ಉಪ್ಪನ್ನು ತೊಳೆಯಬೇಕು. ಬರಿಯ ಸಾಬೂನು ನೀರಿಗೇ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಬರದಿದ್ದರೆ ಮಾತ್ರ ಅಂಗಡಿಯ ಎರಡು ಮದ್ದುಗಳ ಪ್ರಯೋಗ: ಮೊದಲನೆಯದು ಕ್ಷಾರ, ಎರಡನೆಯದು ಆಮ್ಲ. ಕ್ಷಾರವು ಜಿಡ್ಡನ್ನೂ ಸತ್ತ ನಾರನ್ನೂ ಬಿಡಿಸುತ್ತದೆ. ಆಗ ಮರವು ಕಡುಕಪ್ಪಾಗಿ ನೋಡಿದವನಿಗೆ ಎದೆಯೊಡೆಯುವಂತಾಗುವುದು. ಆಮ್ಲವನ್ನು ಹಚ್ಚಿದ ಕೂಡಲೆ ಕ್ಷಾರದ ಕಾವು ಅಡಗಿ, ಕಪ್ಪು ಕರಗಿ, ಹೊನ್ನಿನ ಬಣ್ಣವು ಕಣ್ಣೆದುರಿನಲ್ಲಿಯೇ ಮರಳುವುದು. ಸಾಮಾನ್ಯವಾಗಿ ಉಪಯೋಗಿಸುವುದು ಆಕ್ಸಾಲಿಕ್ ಆಮ್ಲ. ಸ್ವೀಡನ್ನಿನ ರಸಾಯನಜ್ಞನಾದ ಷೀಲೆಯು 1776ರಲ್ಲಿ ಅದನ್ನು ಸಿದ್ಧಪಡಿಸಿ ತೋರಿಸಿದನು. ಕಬ್ಬಿಣದ ಕಲೆಯನ್ನು ಕರಗಿಸುವುದರಲ್ಲಿ ಅದಕ್ಕೆ ಸಮನಾದುದು ಕಡಿಮೆ. ನಮ್ಮ ಮನೆಗಳ ಹೆಂಗಸರಿಗೆ ಇದು ಹೊಸದಲ್ಲ: ಬಟ್ಟೆಯ ತುಕ್ಕುಕಲೆಯನ್ನು ತೆಗೆಯಲು, ಹಿತ್ತಾಳೆಯನ್ನು ಬೆಳಗಲು ಅವರು ತಿಕ್ಕುವ ಬಿಂಬುಳಿಯ ರಸದಲ್ಲಿರುವುದು ಇದೇ ಆಮ್ಲ.

ಆದರೆ ಬಿಂಬುಳಿಯ ಸಲಿಗೆಯನ್ನು ಅಂಗಡಿಯ ಪುಡಿಯೊಂದಿಗೆ ತೋರಬಾರದು. ಅದು ವಿಷ; ಕೈಗವಸು, ಕನ್ನಡಕಗಳಿಲ್ಲದೆ ಮುಟ್ಟಬಾರದು, ಒಣಪುಡಿಯನ್ನು ಉಸಿರಾಡಬಾರದು. ಕ್ಷಾರವು ಅದಕ್ಕಿಂತಲೂ ಕ್ರೂರವಾದುದು. ಹೆಚ್ಚು ಹೊತ್ತು ಬಿಟ್ಟರೆ ಸತ್ತ ನಾರಿನೊಡನೆ ಜೀವವಿರುವ ನಾರನ್ನೂ ಕರಗಿಸುವುದು. ಎರಡನ್ನೂ ಧಾರಾಳವಾದ ನೀರಿನಿಂದ ತೊಳೆದು, ಮರವು ಒಳಗಿನ ತನಕ ಒಣಗುವಂತೆ ಕೆಲವು ದಿನ ನೆರಳಿನಲ್ಲಿ ಬಿಡಬೇಕು. ಇಲ್ಲಿ ಆತುರಪಟ್ಟು ಹಸಿಯ ಮೇಲೆ ವಾರ್ನಿಷ್ ಹಚ್ಚಿದರೆ ಮೊದಲನೆಯ ಬಿಸಿಲಿಗೇ ಬೊಬ್ಬೆಗಳೇಳುವುವು.

ಒಣಗಿದ ಮೇಲೆ ಉಪ್ಪುಕಾಗದದ ಸರದಿ: ಎಳೆಯ ಉದ್ದಕ್ಕೆ, ಮರದ ತುಂಡಿಗೆ ಸುತ್ತಿ, ಮೊದಲು ಸ್ವಲ್ಪ ಒರಟಾದುದರಿಂದ, ಆಮೇಲೆ ನುಣುಪಿನಿಂದ. ಸಾಲುಗಳು ಸಮವಾದೊಡನೆ ಕೈ ನಿಲ್ಲಬೇಕು. ಎಷ್ಟು ಮರ ಈಗಾಗಲೇ ಹೋಗಿದೆಯೆಂಬುದಕ್ಕೆ ಹಡಗಿನಲ್ಲಿಯೇ ಒಂದು ಲೆಕ್ಕಪತ್ರವಿದೆ. ಅಂಚುಪಟ್ಟಿಯನ್ನು ಬಿಗಿದ ಸ್ಕ್ರೂಗಳ ತಲೆಗಳನ್ನು ತೇಗದ ಸಣ್ಣ ಬಿರಡೆಗಳಿಂದ ಮುಚ್ಚಿರುತ್ತಾರೆ. ಹೊಸದರಲ್ಲಿ ಬಿರಡೆಯು ಕಿರುಬೆರಳಿನ ಅರ್ಧ ಗಿಣ್ಣಿನಷ್ಟಾದರೂ ಆಳವಿರುವುದು. ಪ್ರತಿಸಲ ಉಜ್ಜಿದಂತೆಲ್ಲ ಅದು ಗಿಡ್ಡವಾಗಿ, ಕೊನೆಗೆ ಬಿಲ್ಲೆಯಷ್ಟಾಗಿ ಉದುರಿಬೀಳುವುದು. ಹಿತ್ತಾಳೆಯ ತಲೆ ಹೊರಗೆ ಕಾಣುವುದು. ಅದು ಕಂಡ ಪಟ್ಟಿಯನ್ನು ಇನ್ನೊಮ್ಮೆ ಉಜ್ಜುವ ಅಧಿಕಾರ ಯಾರಿಗೂ ಇಲ್ಲ. ಸ್ಕ್ರೂವನ್ನು ತೆಗೆದು, ರಂಧ್ರವನ್ನು ಆಳಮಾಡಿ, ಹೊಸ ಬಿರಡೆಯನ್ನು ಅಂಟಿನ ಬದಲು ವಾರ್ನಿಷಿನಲ್ಲಿ ಅದ್ದಿ, ಅದರ ಎಳೆಯು ಪಟ್ಟಿಯ ಎಳೆಗೆ ಕೂಡುವಂತೆ ಕೂರಿಸುವರು; ಮುಂದೆ ಎಂದಾದರೂ ತೆಗೆಯಬೇಕಾದವನಿಗೆ ಇದು ಉಪಕಾರ.

ಇಷ್ಟೆಲ್ಲ ಆದಮೇಲೂ ತೇಗದ ಎಣ್ಣೆಯೇ ವಾರ್ನಿಷಿಗೆ ಅಡ್ಡಬರುವುದು. ಯಾವ ಗುಣದಿಂದ ಆ ಮರ ಹಡಗಿಗೆ ಉತ್ತಮವೋ ಅದೇ ಗುಣದಿಂದ ಮೆರುಗಿಗೆ ವಿರೋಧಿ. ಎಣ್ಣೆಯಿದ್ದಲ್ಲಿ ವಾರ್ನಿಷ್ ಹಿಡಿಯುವುದಿಲ್ಲ. ತೇಗದ ಕೆಲವು ದ್ರವ್ಯಗಳು ಅದು ಒಣಗುವುದನ್ನೇ ತಡೆಯುವುವು. ಆದುದರಿಂದ ಮೇಲ್ಮೈಯನ್ನು ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಳಗಿನ ಎಣ್ಣೆಯು ಮತ್ತೆ ಮೇಲೇರುವ ಮೊದಲು, ಅಂದರೆ ಅದೇ ಗಳಿಗೆಯಲ್ಲಿ, ಮೊದಲನೆಯ ಲೇಪವನ್ನು ಹಚ್ಚಬೇಕು. ಮೊದಲನೆಯದು ಅರ್ಧದಷ್ಟು ತೆಳುಮಾಡಿದುದು; ಅದು ಎಳೆಯೊಳಗೆ ಇಳಿದು ಬೇರೂರುವುದು. ಮುಂದಿನವು ಕ್ರಮವಾಗಿ ದಪ್ಪ. ನಡುನಡುವೆ ಹಗುರವಾಗಿ ಉಜ್ಜುತ್ತ ಆರೇಳು ಲೇಪಗಳಾದರೆ ಕೆಲಸ ಮುಗಿಯಿತು. ನಮ್ಮ ಕರಾವಳಿಯಲ್ಲಿ ಇದಕ್ಕೆ ಕಾಲ ಪುಷ್ಯ ಮಾಘಗಳು; ಹೊತ್ತು, ಇಬ್ಬನಿ ಆರಿದ ಮೇಲೆ, ಕಡಲಗಾಳಿ ಏಳುವ ಮುನ್ನ. ಸಂಜೆಯ ಲೇಪದ ಮೇಲೆ ಇಬ್ಬನಿ ಬಿದ್ದರೆ ಮೆರುಗು ಹಾಲುಬೆರೆಸಿದಂತೆ ಮಂಕಾಗುವುದು.

ಹಚ್ಚಿದ ವಾರ್ನಿಷ್ ಮೊದಲು ಕೆಡುವುದು ಬಯಲಿನ ನಡುವೆಯಲ್ಲ, ಕೂಡುವ ಸಂದಿನಲ್ಲಿ, ಹಲಗೆಯ ತುದಿಯಲ್ಲಿ, ಬಿರಡೆಯ ಸುತ್ತ. ಅಲ್ಲಿ ನೀರು ಹೊಕ್ಕರೆ ಒಳಗೊಳಗೇ ಹರಿದು ಕಪ್ಪು ಪಟ್ಟೆಯಾಗಿ ಕಾಣಿಸುವುದು. ಕಂಡ ದಿನವೇ ಅಷ್ಟುಭಾಗವನ್ನು ಕೆರೆದು ಮುಚ್ಚಿ, ವರ್ಷಕ್ಕೊಂದೆರಡು ಹೊಸ ಲೇಪಗಳನ್ನು ಕೊಡುವವನಿಗೆ ಇಡೀ ಪಟ್ಟಿಯನ್ನು ಬತ್ತಲೆಮಾಡುವ ಪ್ರಸಂಗ ಬಹುವರ್ಷ ಬಾರದು. ಆ ಬಗೆಯ ವಾರ್ನಿಷ್ ಅಲಂಕಾರವಲ್ಲ. ಮರದ ಬದಲು ತಾನು ಸವೆಯುವ ಪದರ. ಹಚ್ಚಿ ಮರೆಯುವವನು ಮಾತ್ರ ಮೂರುನಾಲ್ಕು ವರ್ಷಕ್ಕೊಮ್ಮೆ ಕ್ಷಾರ, ಆಮ್ಲ, ಉಪ್ಪುಕಾಗದಗಳ ಸುತ್ತನ್ನು ಮೊದಲಿನಿಂದ ಹೊರಡಿಸಬೇಕಾಗುವುದು. ಅಂಥವನು ಎಂದೂ ವಾರ್ನಿಷ್ ಹಚ್ಚದಿದ್ದರೆ ಹಡಗಿಗೆ ಲಾಭವಾಗುತ್ತಿತ್ತು.

ಈಗ ಟ್ರಿಂಕಾಮಲಿಯ ಕಡೆಗೆ ಮರಳೋಣ. ಅದು 1847ರಿಂದ 1857ರ ತನಕ ಎರಡು ಸಲ ದೂರದ ಸಮುದ್ರಗಳಲ್ಲಿ ಸೇವೆ ಮಾಡಿ, ಆಮೇಲೆ ಹುಡುಗರಿಗೆ ನೌಕಾವಿದ್ಯೆ ಕಲಿಸುವ ಹಡಗಾಯಿತು. 1897ರಲ್ಲಿ ಒಡೆಯುವವರಿಗೆ ಮಾರಾಟವಾಯಿತು. ವೀಟ್ಲಿ ಕಾಬ್ ಎಂಬ ಶ್ರೀಮಂತನು ಅದೇ ವರ್ಷ ಬಿರುಗಾಳಿಯಲ್ಲಿ ತನ್ನ ‘ಫೂದ್ರೊಯಾಂ’ ಹಡಗನ್ನು ಕಳೆದುಕೊಂಡಿದ್ದನು. ಅವನು ಇದನ್ನು ಕೊಂಡು ಅದೇ ಹೆಸರನ್ನಿಟ್ಟನು. ಪೋರ್ಟ್ಸ್‌ಮತ್ತಿನಲ್ಲಿ ಅದರ ಜೊತೆಗೆ ‘ಇಂಪ್ಲೇಕಬಲ್’ ಎಂಬ ಇನ್ನೊಂದು ಮುದಿಹಡಗು ನಿಂತಿತ್ತು. ಅದು 1800ರಲ್ಲಿ ಫ್ರಾನ್ಸಿನಲ್ಲಿ ನೀರಿಗಿಳಿದ ಓಕ್ ಮರದ ಹಡಗು. ಟ್ರಫಾಲ್ಗರ್ ಯುದ್ಧದಲ್ಲಿ ಭಾಗವಹಿಸಿ, ಆಮೇಲೆ ಇಂಗ್ಲಿಷರ ಕೈಗೆ ಸಿಕ್ಕಿದುದು. ಎರಡನೆಯ ಮಹಾಯುದ್ಧದ ಅನಂತರ ಅದರ ಮರದ ಸ್ಥಿತಿಯನ್ನು ನೋಡಿ, ದುರಸ್ತಿಯ ಹಣ ಹೊಂದಿಸಲಾರದೆ, 1949ರ ಡಿಸೆಂಬರ್ 2ರಂದು ಸಿಡಿಮದ್ದು ಇಟ್ಟು ಸಮುದ್ರದಲ್ಲಿ ಮುಳುಗಿಸಿದರು. ಮುಂಭಾಗದ ಪ್ರತಿಮೆ, ಹಿಂಭಾಗದ ಕೆತ್ತನೆ ಮಾತ್ರ ಗ್ರೀನಿಚ್ಚಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ. ತೇಗದ ಗೆಳೆಯ ಉಳಿಯಿತು. ಹಡಗಿನ ಗಾತ್ರ ಚಿಕ್ಕದು, ಖರ್ಚು ಕಡಿಮೆ ಎಂಬುದೂ ಕಾರಣವಿರಬಹುದು. ಮರದ ಪಾಲನ್ನು ಅಲ್ಲಗಳೆಯಲಾಗದು.

1987ರಲ್ಲಿ ಅದನ್ನು ಹಾರ್ಟ್ಲ್‌ಪೂಲ್ ಬಂದರಕ್ಕೆ ತಂದು 1990ರಿಂದ 2001ರ ತನಕ ಜೀರ್ಣೋದ್ಧಾರ ಮಾಡಿದರು, ಹಳೆಯ ಹೆಸರನ್ನೂ ಮರಳಿ ಕೊಟ್ಟರು. ಒಡಲಿನ ಅರ್ಧಕ್ಕಿಂತ ಹೆಚ್ಚು ಮರ ಮುಂಬಯಿಯಲ್ಲಿ 1817ರಲ್ಲಿ ಕೂರಿಸಿದುದೇ. ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಅದಕ್ಕಿಂತ ಹಳೆಯದು ಇಲ್ಲ. 1869ರಲ್ಲಿ ಕಟ್ಟಿದ ಚಹಾ ಹಡಗು ‘ಕಟ್ಟಿ ಸಾರ್ಕ್’ನ ಮೇಲ್ಭಾಗದ ಹಲಗೆಗಳೂ ತೇಗದವು. 2007ರ ಮೇ 21ರಂದು ಆ ಹಡಗಿಗೆ ಬೆಂಕಿ ಬಿದ್ದಾಗ ಬಹಳಷ್ಟು ಹಲಗೆಗಳು ಜೀರ್ಣೋದ್ಧಾರಕ್ಕೆಂದು ಬಿಚ್ಚಿ ಬೇರೆಡೆ ಇಟ್ಟಿದ್ದುದರಿಂದಲೇ ಸುಡದೆ ಉಳಿದುವು. ಆರೈಕೆಯು ಎಣಿಸದ ರೀತಿಯಲ್ಲಿಯೂ ಕಾಯುವುದುಂಟು.

ಮೆರುಗು ಬೇಕೆ ಬೇಡವೆ ಎಂಬ ವಾದ ದೋಣಿಯುಳ್ಳವರೊಳಗೆ ಇಂದಿಗೂ ಮುಗಿದಿಲ್ಲ. ಬೂದುಬಣ್ಣವೇ ಮರದ ಹೊದಿಕೆ, ಅದನ್ನು ಬಿಡಿರೆಂದು ಒಂದು ಪಕ್ಷ. ಹೊನ್ನಿನ ಬಣ್ಣವಿಲ್ಲದ ತೇಗ ತೇಗವೇ ಅಲ್ಲವೆಂದು ಇನ್ನೊಂದು. ನಮ್ಮ ಮತದಲ್ಲಿ ನಡೆದಾಡುವ ಡೆಕ್ಕಿಗೆ ವಾರ್ನಿಷ್ ಸಲ್ಲದು. ಜಾರುವುದು, ಬೇಗ ಕೀಳುವುದು, ಮತ್ತೆ ಮತ್ತೆ ಉಜ್ಜಿಸಿಕೊಳ್ಳುವುದು. ಅದಕ್ಕೆ ಸಮುದ್ರದ ನೀರೂ ಮೆದುಬ್ರಷ್ಷೂ ಸಾಕು. ಕಟಕಟೆ, ಚೌಕಟ್ಟು, ಅಂಚುಪಟ್ಟಿಗಳಿಗೆ ವರ್ಷವರ್ಷವೂ ಲೇಪ ಕೊಡುವ ಮನಸ್ಸಿದ್ದರೆ ಹಚ್ಚಬಹುದು, ಲಂಗರು ಹಾಕಿ ನಿಂತಾಗ ಬಟ್ಟೆಯ ಹೊದಿಕೆಯನ್ನೂ ಹಾಕಬೇಕು. ದೋಣಿಯಿಲ್ಲದ ವಾಚಕರಿಗೂ ಇದರಲ್ಲಿ ಪ್ರಯೋಜನವಿದೆ. ಕಡಲಿಗೆ ಮುಖಮಾಡಿದ ಮನೆಗಳ ಸಾಗುವಾನಿಯ ಮುಂಬಾಗಿಲೂ ಜಗಲಿಯ ಕಂಬಗಳೂ ಇದೇ ಬಿಸಿಲಿಗೆ, ಇದೇ ಉಪ್ಪುಗಾಳಿಗೆ ಬೂದಾಗುವುವು. ಬಣ್ಣದವನನ್ನು ಕರೆಯುವ ಮುನ್ನ ಬಾಗಿಲಿನ ಒಂದು ಮೂಲೆಯನ್ನು ಸಾಬೂನು ನೀರಿನಿಂದ ತೊಳೆದು ಒಣಗಿಸಿ ನೋಡಿರಿ. ಅವನು ಯಂತ್ರದ ಉಪ್ಪುಕಾಗದವನ್ನು ತಂದಿದ್ದರೆ ಕೆತ್ತನೆಯ ಭಾಗಕ್ಕೆ ಅದನ್ನು ಮುಟ್ಟಿಸಬಾರದೆಂದು ಮೊದಲೇ ಹೇಳಿಡಿರಿ.